ಉಡದಾರದ ಹಲ್ಲು

ತಿಕೋಟಾದ ಆ ಮನೆಯಲ್ಲಿ ಹಲ್ಲುನೋವಿಗೆ ಬೇನೆಯ ಮರ್ಯಾದೆ ಇರಲಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದರು, ಕಾಲು ಉಳುಕಿದರೆ ಬಾವು ನೋಡುತ್ತಿದ್ದರು. ಹಲ್ಲು ನೋಯುತ್ತದೆ ಎಂದರೆ ನೋಡಲು ಏನೂ ಇಲ್ಲ. ಹಿರಿಯರ ಮುಂದೆ ಬಾಯಿ ತೆಗೆದು ತೋರಿಸುವುದು ಸೊಸೆಯಾದವಳಿಗೆ ಲಕ್ಷಣವೂ ಅಲ್ಲ. ಹಾಗಾಗಿ ಅದು ಸೋಗು. ನಾನು ಮದುವೆಯಾಗಿ ಆ ಮನೆಗೆ ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಎಡಗಡೆಯ ಕೆಳಗಿನ ದವಡೆಹಲ್ಲಿನಲ್ಲಿ ಜೋಳದ ಕಾಳು ಕೂಡುವಷ್ಟು ತೂತು ಬಿದ್ದಿತ್ತು.

"ರೊಟ್ಟಿ ಬಡ್ಯಾಕ ಕೈ ಬೇಕವಾ, ಹಲ್ಲಲ್ಲ," ಎಂದರು ನಮ್ಮತ್ತೆ. "ಕೈ ನೋಯಾಕತ್ತಿದ್ರ ಹೇಳು."

ರೊಟ್ಟಿ ಬಡಿಯುವಾಗ ಒಲೆಯ ಬಾಯಿಗೆ ಎಡಗೆನ್ನೆ ಕೊಟ್ಟು ಕೂಡುತ್ತಿದ್ದೆ. ಕಾವು ತಾಗಿದರೆ ನೋವು ತುಸು ಹಿಂದೆ ಸರಿಯುತ್ತಿತ್ತು. ಅದನ್ನೂ ಅವರು ಕಂಡುಹಿಡಿದರು. "ಹಲ್ಲಿಗಿ ಕಾವು ಕೊಡಾಕತ್ತಾಳ, ಅಲ್ಲಿ ರೊಟ್ಟಿ ಹೊತ್ತಾಕತ್ತಾವ," ಎಂದು ಪಡಸಾಲೆಯಲ್ಲಿ ಕೂತವರಿಗೆ ಕೇಳುವಂತೆ ಹೇಳಿದರು. ಲವಂಗ ಕಚ್ಚಿದೆ, ಕರ್ಪೂರ ಇಟ್ಟೆ, ಎಕ್ಕೆಯ ಹಾಲನ್ನು ಹತ್ತಿಯಲ್ಲಿ ಅದ್ದಿ ಒತ್ತಿದೆ. ಹಾಲು ತುಟಿಗೆ ತಾಗಿ ತುಟಿ ಬಾತು, ನೋವು ಎರಡಾಯಿತು. ಅತ್ತೆ ದಿನಾ ಬೆಳಿಗ್ಗೆ ಹಲ್ಲಿಗೆ ತಿಕ್ಕುತ್ತಿದ್ದ ಮಿಸರಿಯ ಡಬ್ಬಿ ತಂದು ಮುಂದಿಟ್ಟರು. ತಂಬಾಕನ್ನು ಹುರಿದು ಕರ್ರಗೆ ಸುಟ್ಟು ಅರೆದ ಪುಡಿ ಅದು. "ಹಚ್ಚು. ಹಲ್ಲು ಸತ್ತಂಗ ಬೀಳತೈತಿ."

ಹಚ್ಚಿದೆ. ಹಲ್ಲು ಸಾಯಲಿಲ್ಲ, ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಸಂಜೆಯಾಗುವುದರೊಳಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿ ನಗುತ್ತ, ಹುಳಿ ಏನು ಬೇಕು ಎಂದು ಕೇಳತೊಡಗಿದರು. ನಾನು ಬಸುರಿ ಎಂದು ಅತ್ತೆ ಸುದ್ದಿ ಹಬ್ಬಿಸಿದ್ದರು. ಅಲ್ಲವೆಂದು ಗೊತ್ತಾದ ತಿಂಗಳು ಅವರಿಗೆ ಹಲ್ಲಿನ ಮೇಲೆಯೂ ಸಿಟ್ಟು ಬಂತು, ನನ್ನ ಮೇಲೆಯೂ.

"ಸಂತಿಗಿ ಹಲ್ಲ ಕೀಳಾಂವ ಬರ್ತಾನ. ಕೀಳಸ್ಕೊಂಡ ಬಂದಬಿಡು. ಒಂದ ಹಲ್ಲಿಗಿ ಇಷ್ಟ ಯಾಕ ಒದ್ದಾಡಬೇಕ?"

ಇಲ್ಲಿ ನನ್ನ ಬಬಲೇಶ್ವರದ ತವರಿನ ಒಂದು ಮಾತು ಹೇಳಬೇಕು. ಆಗ ನಾನು ಇನ್ನೂ ಲಂಗ ಉಡುತ್ತಿದ್ದ ಹುಡುಗಿ. ಬಲಗಡೆಯ ದವಡೆಹಲ್ಲು ನೋಯುತ್ತದೆ ಎಂದು ನಮ್ಮ ಕಾಕಾ ಸಂತೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಒಬ್ಬ ಗೋಣಿತಟ್ಟು ಹಾಸಿ, ಕಿತ್ತ ಹಲ್ಲುಗಳನ್ನು ಶೇಂಗಾ ಸುರುವಿದಂತೆ ಗುಡ್ಡೆ ಹಾಕಿಕೊಂಡು ಕೂತಿದ್ದ. ಕಾಕಾ ನನ್ನ ತಲೆಯನ್ನು ತಮ್ಮ ಎರಡು ಮೊಣಕಾಲಿನ ನಡುವೆ ಹಿಡಿದರು, ಮತ್ತೊಬ್ಬರು ಕೈ ಹಿಡಿದರು. ಅವನು ಇಕ್ಕಳ ಹಾಕಿ ನೋಯುವ ಹಲ್ಲಿನ ಪಕ್ಕದ ಗಟ್ಟಿ ಹಲ್ಲನ್ನು ಕಿತ್ತ. ನಾನು ಚೀರಿ ಬೊಟ್ಟು ಮಾಡಿ ತೋರಿಸಿದ ಮೇಲೆ ನೋಯುವುದನ್ನೂ ಕಿತ್ತ. ಎರಡನೆಯದಕ್ಕೆ ರೊಕ್ಕ ತೆಗೆದುಕೊಳ್ಳಲಿಲ್ಲ. ಅದನ್ನು ನಮ್ಮ ಕಾಕಾ ವರ್ಷಗಟ್ಟಲೆ ಅವನ ದೊಡ್ಡ ಗುಣವೆಂದು ಹೇಳಿಕೊಂಡು ತಿರುಗಿದರು.

ಅಂದಿನಿಂದ ನಾನು ರೊಟ್ಟಿ ಅಗಿಯುವುದು ಎಡಗಡೆಗೆ ಮಾತ್ರ. ಈ ಹಲ್ಲೂ ಹೋದರೆ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಮುದುಕಿಯ ಹಾಗೆ ನುಂಗಬೇಕು. ಹಾಲು ಆ ಮನೆಯಲ್ಲಿ ಸೊಸೆಯ ತಟ್ಟೆಯವರೆಗೆ ಬರುತ್ತಿರಲಿಲ್ಲ. ಅದಕ್ಕೇ ಏನಾದರೂ ಆಗಲಿ, ಈ ಹಲ್ಲು ಕೀಳಿಸಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಧೈರ್ಯ ಎಂದು ತಿಳಿಯಬೇಡಿ. ಇಕ್ಕಳದ ಹೆದರಿಕೆಯಿಂದ ಹುಟ್ಟಿದ ಹಟ.

ನಮ್ಮ ಮನೆಯವರಿಗೆ ಊರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಅವರು ಕೆಟ್ಟವರಲ್ಲ, ಆದರೆ ಅವ್ವನ ಮುಂದೆ ಅವರಿಗೆ ನಾಲಗೆ ಇರಲಿಲ್ಲ. ನಾನು ಒಂದು ವಾರ ಅವರ ಊಟದ ಮುಂದೆ ಮಾತಿಲ್ಲದೆ ಕೆನ್ನೆ ಹಿಡಿದು ಕೂತ ಮೇಲೆ, ಅಂಗಡಿಗೆ ಮಾಲು ತರಲು ವಿಜಾಪುರಕ್ಕೆ ಹೋಗುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿಗೆ ಇಬ್ಬರ ಚೀಟಿ ಎಂದು ಅತ್ತೆ ಹೊಸಿಲಿನವರೆಗೂ ಬೈದುಕೊಂಡೇ ಬಂದರು.

ಹಲ್ಲಿನ ಡಾಕ್ಟರು ಬಜಾರದಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಇದ್ದರು. ಮೈಸೂರು ಸೀಮೆಯವರು. ರಾಜ್ಯ ಒಂದಾದ ಮೇಲೆ ಆ ಕಡೆಯವರು ಈ ಕಡೆ ಬರತೊಡಗಿದ ಕಾಲ ಅದು. ಅವರ ಕನ್ನಡ ರೇಡಿಯೋದಲ್ಲಿ ಬಂದ ಹಾಗೆ ಮೆತ್ತಗಿತ್ತು. ಮನುಷ್ಯ ಮೆತ್ತಗಿರಲಿಲ್ಲ. ನಾವು ಬಾಯಿ ತೆರೆದರೆ ಅವರ ಮೀಸೆಯ ಕೆಳಗೆ ಒಂದು ನಗೆ ಬರುತ್ತಿತ್ತು, ಅದು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಕುರ್ಚಿಯ ಪಕ್ಕದಲ್ಲಿ ಸಿಂಪಿಗನ ಹೊಲಿಗೆ ಮಷೀನಿನ ಹಾಗೆ ಕಾಲಿನಿಂದ ತುಳಿಯುವ ಒಂದು ಯಂತ್ರ ನಿಂತಿತ್ತು. ಅದರ ತುದಿಗೆ ಸೂಜಿ.

ಡಾಕ್ಟರು ಕನ್ನಡಿ ಹಾಕಿ ನೋಡಿ ಹೇಳಿದರು: "ಬೇರು ಚೆನ್ನಾಗಿದೆ. ಕೊರೆದು ಬೆಳ್ಳಿ ತುಂಬಿದರೆ ಇನ್ನೂ ಬಹಳ ವರ್ಷ ಬರುತ್ತೆ. ಬೇಡ ಅಂದ್ರೆ ಕಿತ್ತು ಹಾಕ್ತೀನಿ. ತುಂಬೋಕೆ ಕೀಳೋದರ ನಾಲ್ಕರಷ್ಟು ಆಗುತ್ತೆ."

"ಮನ್ಯಾಗ ಕೇಳಿ ಹೇಳ್ತೇವ್ರಿ," ಎಂದರು ನಮ್ಮವರು.

"ಹಲ್ಲು ಯಾರದು?"

"ನಮ್ಮನಿಯಾಕೀದ್ರಿ."

"ಮತ್ತೆ ಮನೇಲಿ ಯಾರನ್ನ ಕೇಳ್ತೀರಿ?"

ನಮ್ಮವರು ನಕ್ಕುಬಿಟ್ಟರು.

ಮನೆಗೆ ಬಂದು ಅವರು ಹೇಳಿದ್ದು ಒಂದೇ ಮಾತು. "ಬೆಳ್ಳಿ ತುಂಬಿದ್ರ ಹಲ್ಲ ಉಳೀತೈತಿ ಅಂತ ಬೇ, ಕೀಳೂದರ ನಾಕ ಪಟ್ಟು ರೊಕ್ಕ." ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ನಾಲ್ಕು ಪಟ್ಟು ರೊಕ್ಕ ಎಂದು ಒದರುತ್ತಾರೆ ಎಂದು ನಾನು ಕಾಯುತ್ತಿದ್ದೆ. ಆದರೆ ಅವರ ಸಿಟ್ಟು ಬೇರೆ ಕಡೆ ಹೋಯಿತು.

"ಯಾರ ಬೆಳ್ಳಿ?"

"ಡಾಕ್ಟರದ."

"ತೂಕ ಮಾಡಿ ತೋರ್ಸಿದನೇನು? ಒರೆ ಹಚ್ಚಿ ನೋಡೀದಿ? ತವರ ತುಂಬಿ ಬೆಳ್ಳಿ ಅಂದ್ರ ಬಾಯಾಗ ಕೈ ಹಾಕಿ ಯಾಂವ ನೋಡಾಂವ? ಶಾಣ್ಯಾ ಅದಿ ಮಗನ. ಅದಕ್ಕ ನಾಕ ಪಟ್ಟು ಹೇಳ್ಯಾನ."

ನಮ್ಮ ಕಡೆ ಪತ್ತಾರನ ಹತ್ತಿರ ಒಡವೆ ಮಾಡಿಸಲು ಹೋದರೆ ಮನೆಯ ಹಳೆಯ ಬೆಳ್ಳಿಯನ್ನೇ ಕೊಂಡೊಯ್ಯುವುದು, ಅವನು ಕರಗಿಸುವಾಗ ಎದುರಿಗೇ ಕೂಡುವುದು, ಉಳಿದ ಚೂರನ್ನು ಸೆರಗಿಗೆ ಕಟ್ಟಿಕೊಂಡು ಕೂಲಿಯಷ್ಟೇ ಕೊಟ್ಟು ಬರುವುದು. ಬೆಳ್ಳಿ ಎಂದ ಮೇಲೆ ಬೇರೆ ರೀತಿ ಇರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅತ್ತೆ ಟ್ರಂಕು ತೆಗೆದು ತಳದಿಂದ ಒಂದು ಬಟ್ಟೆಯ ಗಂಟು ತಂದರು. ಒಳಗಿದ್ದದ್ದು ನಮ್ಮವರು ಕೂಸಾಗಿದ್ದಾಗ ಸೊಂಟಕ್ಕೆ ಕಟ್ಟಿದ್ದ ಬೆಳ್ಳಿಯ ಉಡದಾರ. ಕೊಂಡಿ ಹರಿದು ಎರಡು ತುಂಡಾಗಿತ್ತು.

"ಬೆಳ್ಳಿ ನಮ್ಮದ. ಕೂಲಿ ಅಷ್ಟ ಕೊಡೂಣು. ನಾನೂ ಬರ್ತೇನಿ."

ಹೀಗೆ ಎರಡನೆಯ ಸಲ ಮೂವರೂ ಹೋದೆವು. ಬಸ್ಸಿನಲ್ಲಿ ಅತ್ತೆ ಗಂಟನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತಿದ್ದರು. ಡಾಕ್ಟರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದ ಹೊತ್ತಿಗೆ, ಅತ್ತೆ ಬಂದು ಇಕ್ಕಳಗಳ ತಟ್ಟೆಯ ನಡುವೆ ಗಂಟು ಬಿಚ್ಚಿದರು.

"ತಗೊಳ್ರಿ. ತೂಕ ಮಾಡಿಸೇ ತಂದೇನಿ. ಎಷ್ಟ ಹಿಡೀತೈತಿ ಅಷ್ಟ ಹಾಕಿ ಉಳದದ್ದು ತಿರುಗಿ ಕೊಡ್ರಿ. ಕೂಲಿ ಏನು ಹೇಳ್ರಿ."

"ಏನಮ್ಮ ಇದು?"

"ನನ್ನ ಮಗನ ಉಡದಾರ. ಅಚ್ಚ ಬೆಳ್ಳಿ."

"ಸೊಂಟಕ್ಕೆ ಕಟ್ಟಿದ್ದನ್ನ ತಂದು ಬಾಯಿಗೆ ಹಾಕು ಅಂತೀರಾ?"

"ಕರಗಸ್ರಿ. ನಾ ಇಲ್ಲೇ ಎದುರಿಗಿ ಕುಂಡರತೇನಿ."

ಡಾಕ್ಟರ ಮುಖ ಕೆಂಪಾಯಿತು. "ಇದೇನು ಅಕ್ಕಸಾಲಿ ಅಂಗಡಿ ಅಂದ್ಕೊಂಡ್ರಾ?"

"ಅಲ್ಲ ಅನ್ನೂದು ಕಾಣಾಕತ್ತೈತಿ. ಪತ್ತಾರ ಆಗಿದ್ರ ಬಂದವರಿಗಿ ಒಂದ ತಂಬಗಿ ನೀರ ಕೊಡತಿದ್ದ."

ಬಾಗಿಲ ಹತ್ತಿರದ ಬಾಕಿನ ಮೇಲೆ ಮಮದಾಪುರದ ಒಬ್ಬ ಮುದುಕ ಬಾತ ಕೆನ್ನೆಗೆ ಟವೆಲು ಕಟ್ಟಿಕೊಂಡು ಸರದಿಗೆ ಕಾಯುತ್ತಿದ್ದ. ಅವನು ನಗಲು ಹೋಗಿ ನೋವಿನಿಂದ ಕೆನ್ನೆ ಹಿಡಿದುಕೊಂಡ. ಡಾಕ್ಟರು ಉಡದಾರವನ್ನು ಚಿಮಟಿಗೆಯಿಂದ ಎತ್ತಿ ಬಟ್ಟೆಗೆ ಹಾಕಿದರು. ತಾವು ತುಂಬುವ ಬೆಳ್ಳಿ ಬೇರೆ, ಅದು ಪುಡಿ, ಅದಕ್ಕೆ ಪಾದರಸ ಬೆರೆಸಬೇಕು ಎಂದು ಬಿಡಿಸಿ ಹೇಳಿದರು.

ಅತ್ತೆ ಮಗನ ಕಡೆ ತಿರುಗಿದರು. "ಕೇಳಿದ್ಯಾ? ಬೆರಸ್ತಾನಂತ. ತಾನ ಬಾಯಿಬಿಟ್ಟ ಹೇಳ್ಯಾನ."

"ಯವ್ವಾ, ಸುಮ್ಮಕಿರ ಬೇ."

"ನೀ ಸುಮ್ಮಕಿದ್ದೀಯಲ್ಲ, ಸಾಕು ಒಬ್ಬರು ಮನಿಗಿ."

ಮೊದಲು ಹಣ, ಆಮೇಲೆ ಕೆಲಸ. ಇಲ್ಲವಾದರೆ ಕುರ್ಚಿ ಬಿಡಿ ಎಂದರು ಡಾಕ್ಟರು. ನಾನು ಬಾಯಿ ಅರ್ಧ ತೆರೆದು ಎರಡು ಬೆಂಕಿಯ ನಡುವೆ ಕೂತಿದ್ದೆ. ಕೊನೆಗೆ ನಮ್ಮವರು ಆ ಗಂಟು ತೆಗೆದುಕೊಂಡು ಸರಾಫರ ಅಂಗಡಿಗೆ ಇಳಿದು ಹೋದರು. ಅತ್ತೆ ಹೋಗಲಿಲ್ಲ. ಮಗನನ್ನು ನಂಬುವುದು ಅವರಿಗೆ ಕಷ್ಟವಿತ್ತು, ಡಾಕ್ಟರನ್ನು ನಂಬುವುದು ಅದಕ್ಕಿಂತ ಕಷ್ಟ. ನಮ್ಮವರು ಉಡದಾರ ಮಾರಿದ ರೊಕ್ಕ ತಂದು ಎಣಿಸಿ ಕೊಟ್ಟರು. ಡಾಕ್ಟರು ಗಾಜಿನ ಪಿಚಕಾರಿಯಿಂದ ವಸಡಿಗೆ ಸೂಜಿ ಚುಚ್ಚಿದರು. ನೋವು ಗೊತ್ತಾಗದಂತೆ ಮಾಡುವ ಔಷಧ, ಸ್ವಲ್ಪ ಹೊತ್ತು ಬೇಕು ಎಂದರು. ಆ ಸ್ವಲ್ಪ ಹೊತ್ತನ್ನು ಅವರೇ ಕಾಯಲಿಲ್ಲ. ಕೈ ತೊಳೆದು ಬಂದು ಕೇಳಿದರು.

"ಹೇಗಿದೆ?"

"ಅಡ್ಡಿ ಇಲ್ರಿ," ಎಂದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಗಿದ್ದೀರಿ ಎಂದು ಕೇಳಿದರೆ ಅಡ್ಡಿ ಇಲ್ಲ. ಬೆಳೆ ಅರ್ಧ ಬಂತೇ, ಅಡ್ಡಿ ಇಲ್ಲ. ಸೊಸೆಯ ಕೈಯ ಸಾರು ಹೇಗೆ, ಅಡ್ಡಿ ಇಲ್ಲ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಆ ಮನೆಯಲ್ಲಿ ನಾನು ಕೇಳಿದವಳಲ್ಲ. ಹಲ್ಲು ಹಾಗೇ ನೋಯುತ್ತಿದೆ, ಆದರೆ ತಡೆದುಕೊಂಡು ಕೂತಿದ್ದೇನೆ ಎನ್ನುವುದೂ ಅಡ್ಡಿ ಇಲ್ಲವೇ. ಮೈಸೂರಿನ ಡಾಕ್ಟರು ಅದನ್ನು ಅಕ್ಷರಕ್ಕೆ ಅಕ್ಷರ ತಿಳಿದುಕೊಂಡರು. ಅಡ್ಡಿ ಯಾವುದೂ ಇಲ್ಲ, ಶುರು ಮಾಡಬಹುದು. ಕಾಲಿನಿಂದ ಯಂತ್ರ ತುಳಿದು ಸೂಜಿಯನ್ನು ತೂತಿಗೆ ಇಳಿಸಿದರು.

ಕಿವಿಯೊಳಗೆ ಕಾದ ಕಬ್ಬಿಣ ಹಾದು ಹೋದ ಹಾಗಾಯಿತು. ನನಗೆ ಗೊತ್ತಿಲ್ಲದೆ ದವಡೆ ಮುಚ್ಚಿತು. ನಡುವೆ ಅವರ ಬೆರಳು ಇತ್ತು.

ಅವರು ಬೈದದ್ದನ್ನೆಲ್ಲ ಬರೆಯುವುದಿಲ್ಲ. ಬೆರಳಿಗೆ ನೀರು ಸುರಿದುಕೊಳ್ಳುತ್ತ, ಇವರಿಗೆಲ್ಲ ಸಂತೆಯವನೇ ಸರಿ, ಇಂಥವರ ಹಲ್ಲು ಉಳಿಸಲು ಹೋದದ್ದು ತಮ್ಮ ತಪ್ಪು ಎಂದರು. ಆಮೇಲೆ ತಟ್ಟೆಯಿಂದ ಇಕ್ಕಳ ಎತ್ತಿದರು. "ಕಿತ್ತುಬಿಡ್ತೀನಿ. ಎರಡು ನಿಮಿಷದ ಕೆಲಸ. ಮಿಕ್ಕ ದುಡ್ಡು ವಾಪಸ್ ತಗೊಂಡು ಹೋಗಿ."

ಮಿಕ್ಕ ದುಡ್ಡು ಎಂಬ ಮಾತಿಗೆ ಅತ್ತೆಯ ಮುಖ ಆ ದಿನ ಮೊದಲ ಸಲ ಅರಳಿತು. "ಕೀಳ್ರಿ, ಕೀಳ್ರಿ. ಮೊದಲ ಹೇಳಿದ್ದೆ ನಾ. ನಮ್ಮ ಮಾತ ಯಾರು ಕೇಳ್ತಾರ?"

ನಮ್ಮವರ ಕಡೆ ನೋಡಿದೆ. ಅವರು ಕಿಟಕಿಯಿಂದ ಕೆಳಗಿನ ಬಜಾರ ನೋಡುತ್ತಿದ್ದರು. ಮೂವರೂ ಒಂದಾಗಿದ್ದರು. ಅಷ್ಟು ಹೊತ್ತು ಜಗಳಾಡಿದವರು ನನ್ನ ಹಲ್ಲು ಕೀಳುವುದರಲ್ಲಿ ಮಾತ್ರ ಒಂದಾದರು. ಇಕ್ಕಳ ತುಟಿಯ ಹತ್ತಿರ ಬಂತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಬೆರಳುಗಳ ಸಂದಿಯಿಂದ ಹೇಳಿದೆ.

"ಅಡ್ಡಿ ಐತ್ರಿ."

ಆ ಮಾತನ್ನು ನಾನು ಅಲ್ಲಿಯವರೆಗೆ ಆಡಿರಲಿಲ್ಲ, ನಮ್ಮಲ್ಲಿ ಹೆಂಗಸರು ಆಡಿದ್ದನ್ನು ಕೇಳಿಯೂ ಇರಲಿಲ್ಲ. ಅತ್ತೆ ಕುರ್ಚಿಯ ಹತ್ತಿರ ಬಂದು ನನ್ನ ಮುಖಕ್ಕೆ ಬಗ್ಗಿ ನೋಡಿದರು.

"ಏನಂದ್ರಿ?" ಎಂದರು ಡಾಕ್ಟರು.

"ಕೀಳಾಕ ಅಡ್ಡಿ ಐತ್ರಿ. ಹಲ್ಲ ನಂದು. ಇನ್ನ ಜೋಮ ಹಿಡದಿಲ್ಲ. ಹಿಡದ ಮ್ಯಾಲೆ ನಾನ ಹೇಳ್ತೇನಿ. ಅಲ್ಲೀತನಕ ಆ ಮಷೀನ್ ತುಳೀಬ್ಯಾಡ್ರಿ."

"ನೋಡ್ರಿ," ಎಂದರು ಅತ್ತೆ. "ಬಾಯಿ ಸಾಯಲಿ ಅಂತ ಸೂಜಿ ಹಾಕಿದ್ರ, ಬಾಯಿ ಬಂತು ಈಕೀಗಿ."

"ಈಗ ತಾನೇ ಅಡ್ಡಿ ಇಲ್ಲ ಅಂದ್ರಲ್ಲ?"

"ಹಂಗಂದ್ರ ತಡಕೊಂಡೇನಿ ಅಂತ್ರಿ."

"ನೋವಿದೆ ಅಂತ ಹೇಳೋಕೆ ಏನು?"

ಬಾಕಿನ ಮೇಲಿನ ಮುದುಕ ಟವೆಲು ಸಡಿಲಿಸಿ ಹೇಳಿದ: "ಅದು ಹಂಗರಿ ಡಾಕ್ಟರ. ನಮ್ಮ ಕಡೆ ಜೀವ ಹೋಗೂ ಮುಂದ ಕೇಳಿದ್ರೂ ಅಡ್ಡಿ ಇಲ್ಲಂತೀವಿ. ನನ್ನ ಕೇಳಬ್ಯಾಡ್ರಿ ನೀವು, ನೋಡಿ ತಿಳ್ಕೋರಿ."

ಡಾಕ್ಟರು ನಗಲಿಲ್ಲ. ಇಕ್ಕಳವನ್ನು ತಟ್ಟೆಗೆ ಎಸೆದರು. ಗಡಿಯಾರ ನೋಡಿದರು, ಅದು ನನ್ನಿಂದಲೇ ಕೆಟ್ಟಿದೆ ಎಂಬಂತೆ ನನ್ನನ್ನು ನೋಡಿದರು. ಆದರೆ ಕಾಯ್ದರು. ತುಟಿ ದಪ್ಪಗಾಗಿ, ಕೆನ್ನೆ ಯಾರದೋ ಎನಿಸುವವರೆಗೆ ನಾನು ಅಡ್ಡಡ್ಡ ತಲೆ ಆಡಿಸುತ್ತಲೇ ಇದ್ದೆ. ಆಮೇಲೆ ಕೈ ತೆಗೆದೆ. ಯಂತ್ರ ಮತ್ತೆ ತಿರುಗಿದಾಗ ಸಪ್ಪಳ ತಲೆಬುರುಡೆಯಲ್ಲಿ ತುಂಬಿತು, ಸುಟ್ಟ ವಾಸನೆ ಬಂತು, ನೋವು ಬರಲಿಲ್ಲ. ಹೆದರಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕುರ್ಚಿಯ ಕೈಗೆ ಬೆರಳು ಊರಿ ಕೂತಿದ್ದೆ, ಬಿಡಿಸಿಕೊಳ್ಳುವಾಗ ಉಗುರಿನಲ್ಲಿ ಅದರ ಬಣ್ಣ ಬಂದಿತ್ತು. ಡಾಕ್ಟರು ಸಣ್ಣ ಕಲ್ಲಿನ ಒರಳಿನಲ್ಲಿ ಬೆಳ್ಳಿಯ ಪುಡಿಗೆ ಪಾದರಸ ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿದರು. ಹೆಚ್ಚಾದ ಪಾದರಸ ಹನಿಹನಿಯಾಗಿ ತಟ್ಟೆಯಲ್ಲಿ ಓಡಾಡಿತು. ಅತ್ತೆ ಮುಂದೆ ಬಗ್ಗಿ, "ಆ ಚೆಲ್ಲಿದ್ದೂ ನಮ್ಮ ರೊಕ್ಕದ್ದ ಅಲ್ಲೇನ್ರಿ?" ಎಂದು ಕೇಳಿದರು. ಡಾಕ್ಟರು ಬಟ್ಟೆಯಲ್ಲಿ ಉಳಿದದ್ದನ್ನು ತೂತಿಗೆ ಒತ್ತಿದರು.

ಹಲ್ಲು ಉಳಿಯಿತು. ಆದರೆ ಅದು ನನ್ನದಾಗಿ ಉಳಿಯಲಿಲ್ಲ.

ಮರುದಿನದಿಂದಲೇ ಅತ್ತೆ ಹೇಳತೊಡಗಿದರು, "ನನ್ನ ಮಗನ ಉಡದಾರ ಈಕೀ ಹಲ್ಲಾಗ ಐತಿ." ಉಡದಾರ ಸರಾಫನ ತಕ್ಕಡಿಗೆ ಹೋಗಿದ್ದನ್ನು ಅವರು ಬಲ್ಲರು, ಆದರೂ ಲೆಕ್ಕ ಅವರ ಮನಸ್ಸಿನಲ್ಲಿ ನೇರ ಇತ್ತು. ಬೆಳ್ಳಿ ಹೋಯಿತು, ಬೆಳ್ಳಿ ಬಂತು, ಸದ್ಯಕ್ಕೆ ಸೊಸೆಯ ಬಾಯಲ್ಲಿ ಇಟ್ಟಿದೆ. ಯಾರು ಮನೆಗೆ ಬಂದರೂ ನನ್ನನ್ನು ಕರೆಯುವುದು. "ಬಾ ಇಲ್ಲೆ. ಬಾಯಿ ತೆಗಿ, ತೋರ್ಸು." ಹಿರಿಯರ ಮುಂದೆ ಬಾಯಿ ತೆಗೆಯಬಾರದ ಸೊಸೆ ಈಗ ಅಂಗಳದ ಬಿಸಿಲಿಗೆ ಮುಖ ಮಾಡಿ ಎತ್ತಿನ ಹಾಗೆ ಬಾಯಿ ತೆಗೆದು ನಿಲ್ಲಬೇಕು. ಹೆಂಗಸರು ಗದ್ದ ಹಿಡಿದು ತಿರುಗಿಸಿ ನೋಡುತ್ತಿದ್ದರು. ಒಬ್ಬಳು, ಕರ್ರಗಾಗಿದೆಯಲ್ಲ, ಅಚ್ಚ ಬೆಳ್ಳಿಯಾ ಎಂದು ಕೇಳಿ ಅತ್ತೆಯ ಬಾಯಿಗೆ ಬಿದ್ದಳು. ನಾನು ಪಂಚಮಿಗೆ ತವರಿಗೆ ಹೊರಟಾಗ ಅತ್ತೆ ಬಸ್ಸಿನ ಹತ್ತಿರ ಎಲ್ಲರೆದುರು ಹೇಳಿದರು, "ನೋಡಿ ಕಳಸಾಕತ್ತೇನಿ, ನೋಡಿ ತಗೋತೇನಿ. ಬಬಲೇಶ್ವರದಾಗ ಬಿಟ್ಟ ಬಂದೀ ಮತ್ತ." ಬಸ್ಸಿನವರು ನಕ್ಕರು. ನಮ್ಮವರೂ ನಕ್ಕರು. ನಮ್ಮವರ ಆ ನಗೆಯನ್ನು ನಾನು ಇಂದಿಗೂ ಮನ್ನಿಸಿಲ್ಲ.

ಒಂದು ಮಧ್ಯಾಹ್ನ ಅತ್ತೆಯ ಅಕ್ಕ ಬಿಜ್ಜರಗಿಯಿಂದ ಬಂದಿದ್ದರು. ಅವರದೆಲ್ಲ ಊಟವಾಗಿ ಎಲೆ ಅಡಿಕೆ ನಡೆದಿತ್ತು. ನಾನು ಕೊನೆಗೆ ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂತಿದ್ದೆ. ಹಿಂದಿನ ದಿನದ ಒಣಗಿದ ಕಡಕು ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಇಬ್ಬರೂ ಬಂದು ಹೊಸಿಲಿನಲ್ಲಿ ನಿಂತರು.

"ಏಳವಾ, ಬೆಳಕಿಗಿ ಬಾ. ಅಕ್ಕಗ ಬಾಯಿ ತೆಗದ ತೋರ್ಸು."

ನನ್ನ ಬಾಯಲ್ಲಿ ತುತ್ತು ಇತ್ತು. ಅಗಿಯುತ್ತಲೇ ಇದ್ದೆ.

"ಕಿವಿಗೂ ಏನರ ತುಂಬಿಸಿಯೇನು? ನಿನಗ ಹೇಳಾಕತ್ತೇನಿ."

ತುತ್ತು ನುಂಗಿದೆ. ಮೇಲೆ ನೋಡಲಿಲ್ಲ. ರೊಟ್ಟಿಯ ದಪ್ಪ ಅಂಚು ಮುರಿದು ಎಡಗಡೆಗೆ ಇಟ್ಟು ಕಚ್ಚಿದೆ. ಕಟಕ್ಕೆಂದು ಸಪ್ಪಳ ಬಂತು. ಮತ್ತೊಂದು ಚೂರು ಮುರಿದೆ, ಅದನ್ನೂ ಕಚ್ಚಿದೆ. ಅತ್ತೆ ಹೊಸಿಲು ದಾಟಿ ಒಳಗೆ ಬರುತ್ತಾರೆ, ಗದ್ದ ಹಿಡಿಯುತ್ತಾರೆ ಎಂದುಕೊಂಡೆ. ಹಿಡಿದರೆ ಡಾಕ್ಟರ ಬೆರಳಿಗೆ ಆದದ್ದೇ ಆಗಲಿ ಎಂದೂ ಅಂದುಕೊಂಡೆ. ಅದು ಅವರಿಗೂ ಹೊಳೆದಿರಬೇಕು, ಚಾಚಿದ ಕೈ ಅಲ್ಲೇ ನಿಂತಿತು.

"ಬಿಡವಾ," ಎಂದರು ಅವರ ಅಕ್ಕ. "ಉಣ್ಣಾಕಿ ಬಾಯಾಗ ಏನ ನೋಡೂದೈತಿ."

"ಸೊಕ್ಕು," ಎಂದರು ಅತ್ತೆ.

ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿದಿತ್ತು. ಅವರು ನೋಡುತ್ತಿದ್ದ ಹಾಗೆ ಅದನ್ನೂ ಎಳೆದುಕೊಂಡೆ.